ಸೌತೆಕಾಯಿ ಖಾರದ ಸಾರು

ದೇಸಾಯರ ಒಬ್ಬಳೇ ಮಗಳು ಚಂಪವ್ವ ಜ್ವರದಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದ ದೇಸಾಯರು ವಾಡೆಯ ಪಡಸಾಲೆಯಲ್ಲಿ ನಿಂತು ಗುಡುಗಿದರು. "ಇದು ದೇಸಾಯರ ಮನೆ. ಇಲ್ಲಿ ಯಾರ ಕಣ್ಣಾಗ ನೀರು ಕಂಡ್ರೂ ಹೊರಗ ಹಾಕತೀನಿ!"

ಮನೆಯೆಲ್ಲ ಗಪ್ಪಾಯಿತು. ಹೆತ್ತ ತಾಯಿ ಗುರುಸಿದ್ಧವ್ವ ಮಾತು ಬಿಟ್ಟಳು, ಊಟ ಬಿಟ್ಟಳು, ಕಲ್ಲಿನಂತೆ ಕೂತುಬಿಟ್ಟಳು. ಅಡುಗೆಯ ಕಾಶವ್ವ ಇದನ್ನೆಲ್ಲ ನೋಡುತ್ತಿದ್ದಳು. ಚಂಪವ್ವನನ್ನು ಎತ್ತಿ ಆಡಿಸಿದವಳು ಅವಳೇ. ಹೀಗೇ ಬಿಟ್ಟರೆ ತಾಯಿಯೂ ಉಳಿಯುವುದಿಲ್ಲ ಅನ್ನಿಸಿತು.

ಆಕೆ ಭರಣಿಯಿಂದ ಉಪ್ಪಿನಕಾಯಿ ಹಾಕಿದ್ದ ಸೌತೆಕಾಯಿ ತೆಗೆದು ಹೆಚ್ಚಿದಳು. ಅದರ ಖಾರದ ನೀರಿನ ಸಮೇತ ಕುದಿಯುವ ಬೇಳೆಸಾರಿಗೆ ಸುರಿದಳು. ಅನ್ನಕ್ಕೆ ಕಲಸಿ ಗುರುಸಿದ್ಧವ್ವನ ಬಾಯಿಗೆ ತಾನೇ ತುತ್ತಿಟ್ಟಳು. ಮೊದಲು ಮೂಗು ಸೋರಿತು, ಆಮೇಲೆ ಕಣ್ಣು. ನೋಡನೋಡುತ್ತ ಅದೇ ಸಾರು ಉಣ್ಣಲು ಕೂತಿದ್ದ ಮನೆಮಂದಿಯೆಲ್ಲ ಕಣ್ಣೀರಾದರು.

ದೇಸಾಯರು ಒಳಗೆ ನುಗ್ಗಿದರು. "ಯಾರು ಅಳಾಕತ್ತಾರ?"

"ಯಾರೂ ಇಲ್ರೀ ಧಣ್ಯಾರ," ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸೌತಿಕಾಯಿ ಖಾರ ಆಗೇದ. ಸುಳ್ಳು ಅನಿಸಿದ್ರ ನೀವೂ ಉಂಡು ನೋಡ್ರಿ."

ದೇಸಾಯರು ಹೆಂಡತಿಯ ಪಕ್ಕ ಕೂತು ಒಂದು ತುತ್ತು ಉಂಡರು. ತಲೆ ತಗ್ಗಿಸಿ ಇನ್ನೊಂದು ತುತ್ತು ಕಲಸಿದರು. ಮೀಸೆಯಿಂದ ನೀರು ಇಳಿದು ತಟ್ಟೆಗೆ ಬಿತ್ತು.

"ಖಾರ ಭಾಳ ಆಗೇದ ಕಾಶವ್ವಾ," ಅಂದರು ಕೊನೆಗೆ. "ಇನ್ನೊಂದಿಷ್ಟು ಹಾಕು."