ಕರಿಬಸಪ್ಪ ನಾಕು ಗಾಲಿಯ ಗಾಡಿ ತಂದದ್ದು

ಊಟ ಆಯಿತು, ಶಿವನ ದಯೆಯಿಂದ ಎಲೆ ಅಡಿಕೆಯೂ ಆಯಿತು, ಇನ್ನು ಕೇಳಿರಿ. ಒಂದೂರಲ್ಲಿ ನೀಲವ್ವ ಅಂತ ಒಬ್ಬಾಕೆ. ಆಕೆಗೆ ಒಬ್ಬನೇ ಮಗ, ಕರಿಬಸಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಆಕೆಯ ಸಂಕಟ.

ಸೋಮವಾರ ಸೋಮವಾರ ಬೆಟ್ಟದ ಮಲ್ಲಯ್ಯನಿಗೆ ನೈವೇದ್ಯದ ಸಾಮಾನು ಮುಟ್ಟಿಸುವ ಸೇವೆ ಅವರ ಮನೆಯದು, ಮುತ್ತಜ್ಜನ ಕಾಲದಿಂದ. ಹೇರು ಹೊರುತ್ತಿದ್ದ ಎತ್ತಿಗೆ ವಯಸ್ಸಾಯಿತು. ಕಲ್ಲು ಕೆಸರು ಅನ್ನದೆ ಬೆಟ್ಟ ಏರುವ ಎಟಿವಿ ಗಾಡಿ ಕೊಡಿಸುತ್ತೇವೆ ಅಂತ ಊರವರೇ ಮುಂದೆ ಬಂದರು. ಕರಿಬಸಪ್ಪ ಟ್ರ್ಯಾಕ್ಟರ್ ಓಡಿಸಿದವನು. ಕೈಚಳಕಕ್ಕೇನೂ ಕೊರತೆ ಇರಲಿಲ್ಲ.

"ಬಣ್ಣ ನೋಡಿ ಮರುಳಾಗಬೇಡ ತಮ್ಮಾ. ಎತ್ತು ಕೊಂಡ ಹಾಗೆ ಹೂಡಿ ನೋಡಿ ತಗೋ" ಅಂದಳು ತಾಯಿ.

ಹೆಗಲ ಮೇಲೆ ನೊಗ ಹೊತ್ತುಕೊಂಡೇ ಹೋದ. ಅಂಗಡಿಯಲ್ಲಿ ಎರಡು ಗಾಡಿ ನಿಂತಿದ್ದವು. ಎರಡರ ಮೂತಿಗೂ ಸೇರಿಸಿ ನೊಗ ಕಟ್ಟಿ, ಹಿಂದೆ ನಿಂತು ಹೋ ಹೋ ಅಂತ ಹೊಡೆದ. ಅಂಗಡಿಯವನು ನಕ್ಕು ನಕ್ಕು ಸಾಕಾಗಿ, ಬಿಡಿಸಿ ಹೇಳಿದ. ಇದರಲ್ಲಿ ನಾಕೂ ಗಾಲಿ ಯಾವಾಗಲೂ ಎಳೆಯುತ್ತವೆ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ. ಅದರಲ್ಲಿ ಬಯಲು ದಾರಿಗೆ ಹಿಂದಿನ ಎರಡೇ ಎಳೆಯುತ್ತವೆ, ಮುಂದಿನವು ಸುಮ್ಮನೆ ಉರುಳುತ್ತವೆ. ಕೆಸರೋ ಏರೋ ಬಂದಾಗ ಗುಂಡಿ ಒತ್ತಿದರೆ ನಾಕೂ ಎಳೆಯುತ್ತವೆ. ಕಡಿಮೆ ಕುಡಿಯುವುದನ್ನೇ ಕರಿಬಸಪ್ಪ ಆರಿಸಿದ, ಅದರ ಮೂತಿಗೆ ನೊಗ ಕಟ್ಟಿಕೊಂಡೇ ಮನೆಗೆ ಬಂದ.

ನೀಲವ್ವ ಬೈದಳು. "ದುಡಿಮೆ ಇಲ್ಲದಾಗ ಯಾರಾದರೂ ನೊಗ ಕಟ್ಟಿರ್ತಾರೇನೋ ಮಂಕೇ? ಕೆಲಸ ಇಲ್ಲದ್ದನ್ನ ಬಿಚ್ಚಿ ನೆರಳಿಗೆ ಹಾಕಬೇಕು, ಮೇವು ನೀರು ಇಡಬೇಕು."

ಮಾರನೆಯ ಬೆಳಿಗ್ಗೆ ಹೊರಗೆ ಬಂದು ನೋಡುತ್ತಾಳೆ, ಗಾಡಿ ಮೂತಿ ನೆಲಕ್ಕೂರಿ ಬಿದ್ದಿದೆ. ಮುಂದಿನ ಎರಡು ಗಾಲಿ ಹುಣಸೆ ಮರದ ನೆರಳಲ್ಲಿ ಮಲಗಿವೆ, ಎದುರಿಗೆ ಹುಲ್ಲು, ಒಂದು ಬಕೆಟ್ ನೀರು.

"ಬಯಲಲ್ಲಿ ಇವಕ್ಕೆ ಕೆಲಸ ಇಲ್ಲವಂತೆ ಅವ್ವಾ" ಅಂದ ಮಗ. "ಆದರೆ ಮೇವು ಮೂಸಿ ಸಹ ನೋಡಲಿಲ್ಲ. ಹೊಸ ಜಾಗ ಅಲ್ಲವೇ."

ನೀಲವ್ವ ಹಣೆ ಬಡಿದುಕೊಂಡಳು. ಗಾಲಿ ಹಾಕಿಸಿ, ಇನ್ನು ಮೇಲೆ ಗಾಡಿಗೆ ಕಟ್ಟಿದ್ದು ಯಾವುದನ್ನೂ ಬಿಚ್ಚಕೂಡದು ಅಂತ ತಾಕೀತು ಮಾಡಿದಳು.

ಸೋಮವಾರ ಬಂತು. ಅಕ್ಕಿ, ಬೆಲ್ಲ, ಕಾಯಿ ಗಾಡಿಗೆ ಕಟ್ಟಿ ಕಳಿಸಿದಳು. ಏರಿನಲ್ಲಿ ಗುಂಡಿ ಒತ್ತಿದ, ನಾಕೂ ಗಾಲಿ ಎಳೆದವು, ಚೆನ್ನಾಗಿ ಹತ್ತಿದ. ಚೆನ್ನಾಗಿಯೇ ಇಳಿದ, ಕಟ್ಟಿದ ಗಂಟಿನ ಸಮೇತ. ಪೂಜಾರಪ್ಪ ಕೈಮುಗಿದು ಕೇಳಿದರೂ ಗಂಟು ಮುಟ್ಟಗೊಡಲಿಲ್ಲವಂತೆ. ಆ ದಿನ ಮಲ್ಲಯ್ಯನಿಗೆ ಬರೀ ಬಿಲ್ವಪತ್ರೆ, ನೀರು. ಬರುವ ವಾರವೂ ಹೀಗಾದರೆ ಸೇವೆ ಬೇರೆ ಮನೆಗೆ ಅಂತ ಗುಡಿಯಿಂದ ಮಾತು ಬಂತು. ನೀಲವ್ವನಿಗೆ ತುತ್ತು ಇಳಿಯಲಿಲ್ಲ. ಹಿರಿಯರು ನಡೆಸಿಕೊಂಡು ಬಂದದ್ದು ತನ್ನ ಕಾಲಕ್ಕೆ ತಪ್ಪಬೇಕೇ?

ಮುಂದಿನ ಸೋಮವಾರ ಮಗನ ಗಲ್ಲ ಹಿಡಿದು ಹೇಳಿದಳು. "ದೇವರ ಮುಂದೆ ಗಾಡಿ ನಿಲ್ಲಿಸು. ಅದರ ಮೇಲಿರೋದನ್ನೆಲ್ಲ ಇಳಿಸು, ಒಂದೂ ಉಳಿಸಬೇಡ. ಆಮೇಲೆ ಗಾಡಿ ಮನೆಗೆ ತಗೊಂಡು ಬಾ, ನನ್ನಪ್ಪಾ."

ಮಧ್ಯಾಹ್ನ ಬೆಟ್ಟದ ಮೇಲೆ ನೈವೇದ್ಯದ ಗಂಟೆ ಮೊಳಗಿತು. ನೀಲವ್ವ ಅಂಗಳದಲ್ಲೇ ಅಡ್ಡಬಿದ್ದಳು. ಸೇವೆ ಉಳಿಯಿತು, ತಂದೆ.

ಆದರೆ ಮಗ ಬರಲೊಲ್ಲ. ಹೊತ್ತು ವಾಲಿತು, ದನ ಮನೆಗೆ ಬಂದವು. ಊರಮುಂದಕ್ಕೆ ಓಡಿ ನೋಡುತ್ತಾಳೆ, ಕರಿಬಸಪ್ಪ ಬೆವರು ಸುರಿಸುತ್ತಾ ಗಾಡಿ ತಳ್ಳಿಕೊಂಡು ಬರುತ್ತಿದ್ದಾನೆ. ಪೆಟ್ರೋಲು ಮುಗಿಯಿತೇ ಅಂದಳು, ಇಲ್ಲ ಅಂದ. ಗಾಡಿ ಕೆಟ್ಟಿತೇ ಅಂದಳು, ಇಲ್ಲ ಅಂದ.

"ಮತ್ತೆ ಯಾಕೋ ಈ ಪಾಡು?"

"ನೀನೇ ಅಂದಿಯಲ್ಲವ್ವಾ, ಮೇಲಿರೋದನ್ನೆಲ್ಲ ಇಳಿಸು ಅಂತ. ಅಕ್ಕಿ ಇಳಿಸಿದೆ, ಬೆಲ್ಲ ಇಳಿಸಿದೆ, ಕಾಯಿ ಇಳಿಸಿದೆ. ಹೊರಡಬೇಕು ಅಂತ ಹತ್ತಿ ಕೂತು ನೋಡ್ತೀನಿ, ಮೇಲೆ ಇನ್ನೂ ನಾನು ಉಳಿದಿದ್ದೀನಿ!"