ನೀರಿಗಿಳಿಯದ ನೀರುನಾಯಿ ಮರಿ

ಮಕ್ಕಳೇ, ಒಂದು ಹೊಳೆಯಲ್ಲಿ ಒಂದು ಮಡು ಇತ್ತು. ಮಡು ಎಂದರೆ ಹೊಳೆ ಸಣ್ಣದಾದರೂ ನೀರು ನಿಲ್ಲುವ ಆಳದ ಜಾಗ. ದಡದಲ್ಲಿ ಜೊಂಡು. ಜೊಂಡಿನ ಹಿಂದೆ ಒಂದು ಬಿಲ. ಅದರಲ್ಲಿ ನೀರುನಾಯಿಗಳ ಸಂಸಾರ.

ಅಪ್ಪ ಈರ. ಅಮ್ಮ ಮಾಳಿ. ಮಗಳು ದುಗ್ಗಿ. ಅವಳ ತಮ್ಮ ಚಿಕ್ಕ.

ಮಾಳಿ ಇದ್ದ ಕಾಲ ಚೆನ್ನಾಗಿತ್ತು. ಸಂಜೆ ಈರ ಮೀನು ಹಿಡಿದು ಬರುವ ಹೊತ್ತಿಗೆ ಬಿಲ ಬೆಚ್ಚಗಿರುತ್ತಿತ್ತು. ಮಾಳಿಯ ಈ ಪಕ್ಕ ದುಗ್ಗಿ, ಆ ಪಕ್ಕ ಚಿಕ್ಕ. ಈರ ಒಳಗೆ ಬಂದು ಮೈ ಕೊಡವಿದರೆ, "ಹೊರಗೆ ಕೊಡವಿ ಬನ್ನಿ ಅಂದ್ರೆ ಕೇಳೋದೇ ಇಲ್ಲ!" ಎಂದು ಮಾಳಿ ಬೈಯುತ್ತಿದ್ದಳು. ಬೈಸಿಕೊಳ್ಳುವುದಕ್ಕೇ ಈರ ಒಳಗೆ ಬಂದು ಕೊಡವುತ್ತಿದ್ದ.

ಒಂದು ಮಳೆಗಾಲ ಮಾಳಿಗೆ ಕಾಯಿಲೆಯಾಯಿತು. ಮಳೆ ನಿಲ್ಲುವ ಮುಂಚೆ ಹೋಗಿಬಿಟ್ಟಳು.

ಆಮೇಲೆ ಈರ ಹೊರಗೇ ಮೈ ಕೊಡವಿ ಒಳಗೆ ಬರುತ್ತಿದ್ದ.

ಮೀನಿಗೆ ಹೊರಡುವಾಗ ಅವನು ಮಗಳಿಗೆ ಹೇಳುತ್ತಿದ್ದ, "ತಮ್ಮನನ್ನು ನೋಡ್ಕೋ. ನೀನು ದೊಡ್ಡವಳು." ಬಂದ ಮೇಲೆ ಮೊದಲ ಮೀನು ಚಿಕ್ಕನಿಗೆ. "ಅವನು ಸಣ್ಣವನು." ಮಲಗುವಾಗ ಚಿಕ್ಕ ಅಪ್ಪನ ಹೊಟ್ಟೆಗೆ ಅಂಟಿಕೊಳ್ಳುತ್ತಿದ್ದ. ದುಗ್ಗಿಗೆ ಗೋಡೆಯೇ ಗತಿ.

ದುಗ್ಗಿ ತಮ್ಮನನ್ನು ಕಚ್ಚತೊಡಗಿದಳು. ಮೊದಲು ಮೆಲ್ಲಗೆ. ಆಮೇಲೆ ಜೋರಾಗಿ.

"ಅಪ್ಪಾ! ಅಕ್ಕ ಕಚ್ಚಿದ್ಲು!"

"ನನ್ನ ಮೀನಿಗೆ ಬಾಯಿ ಹಾಕಿದ್ದು ಯಾರೋ?"

ಕೊಂಬೆಯ ಮೇಲಿದ್ದ ಮಿಂಚುಳ್ಳಿ ಕೂಗಿತು, "ಈರಣ್ಣಾ, ನಿಮ್ಮನೆ ಗಲಾಟೆಗೆ ಮೀನೆಲ್ಲ ಊರು ಬಿಟ್ಟವು! ನಾನೇನು ಕಲ್ಲು ತಿನ್ನಲಾ?"

ಈರನಿಗೆ ನಾಚಿಕೆಯಾಯಿತು. ದಣಿದೂ ಇದ್ದ. ದುಗ್ಗಿಯ ಕಿವಿ ಕಚ್ಚಿದ. "ಕಚ್ಚಬಾರದು ಅಂತ ಎಷ್ಟು ಸಲ ಹೇಳಲಿ?"

ದುಗ್ಗಿ ಅಳಲಿಲ್ಲ. ಇನ್ನು ಮೇಲೆ ಅಪ್ಪನಿಗೆ ಕೇಳಿಸದ ಹಾಗೆ ಕಚ್ಚಬೇಕು ಅಂದುಕೊಂಡಳು. ನೀರಿನೊಳಗೆ ಕಿರುಚಿದರೆ ಮೇಲೆ ಬರುವುದು ಗುಳ್ಳೆ ಮಾತ್ರ.

ಬಿಲ ಸುಮ್ಮನಾಯಿತು. "ಅಂತೂ ಬುದ್ಧಿ ಬಂತು" ಎಂದು ಈರ ನೆಮ್ಮದಿಯಾಗಿದ್ದ. ಆದರೆ ಚಿಕ್ಕ ನೀರಿಗಿಳಿಯುವುದನ್ನು ಬಿಟ್ಟ. ಒಂದು ದಿನ ನೀರು ತಣ್ಣಗಿದೆ ಅಂದ. ಇನ್ನೊಂದು ದಿನ ಹೊಟ್ಟೆನೋವು ಅಂದ.

ಬೇಸಿಗೆ ಬಂತು. ಆ ವರ್ಷ ಮಡುವೂ ಬತ್ತತೊಡಗಿತು. ಮೀನು ಮುಗಿಯಿತು. ಹೊಳೆಯಲ್ಲಿ ಉಳಿದಿದ್ದ ಸಣ್ಣ ಕಾಲುವೆಯಲ್ಲಿ ಈಜಿ ಮೇಲಿನ ಮಡುವಿಗೆ ಹೋಗಲೇಬೇಕು. ಬೆಳಗ್ಗೆ ಈರ ಹೇಳಿದ, "ನಡೀರಿ."

ದುಗ್ಗಿ ನೀರಿಗೆ ಹಾರಿದಳು. ಚಿಕ್ಕ ದಡದ ಬಂಡೆ ಹತ್ತಿ ಕೂತ.

"ನಾನು ಬರಲ್ಲ."

"ಇಲ್ಲೇ ಇದ್ದರೆ ಏನು ತಿಂತೀಯೋ?"

"ನೀರೊಳಗೆ ಅಕ್ಕ ಕಚ್ತಾಳೆ." ಚಿಕ್ಕ ಬಾಲ ತೋರಿಸಿದ. ಬಾಲದ ತುಂಬ ಹಲ್ಲಿನ ಗುರುತು.

ಈರ ಹಲ್ಲು ಕಿರಿದು ಮಗಳ ಕಡೆ ತಿರುಗಿದ. ದುಗ್ಗಿ ಕಣ್ಣು ಮುಚ್ಚಿಕೊಂಡಳು.

ಪಕ್ಕದಲ್ಲಿ ಬಿಸಿಲು ಕಾಯುತ್ತಿದ್ದ ಮುದಿ ಆಮೆ ಕತ್ತು ಹೊರಗೆ ಹಾಕಿತು. "ಏನಪ್ಪಾ ಈರ, ಕಚ್ಚಬೇಡ ಅಂತ ಕಚ್ಚೇ ಹೇಳಿಕೊಡ್ತೀಯಾ?"

"ಮತ್ತೇನು ಮಾಡಲಜ್ಜಿ? ಮಾಳಿ ಇದ್ದಾಗ ಇವು ಜಗಳವೇ ಆಡ್ತಿರಲಿಲ್ಲ."

"ಆಡ್ತಿದ್ದವು ಕಣಪ್ಪ. ದಿನಾ ಆಡ್ತಿದ್ದವು. ಅವಳು ನಡುವೆ ಬಂದು ಮಲಗಿಬಿಡ್ತಿದ್ದಳು. ಆಮೇಲೆ ಒಬ್ಬೊಬ್ಬರನ್ನೇ ಕೇಳ್ತಿದ್ದಳು. ಕಚ್ಚಿದವರನ್ನೂ ಕೇಳ್ತಿದ್ದಳು. ನೀನು ಬರೋ ಹೊತ್ತಿಗೆ ಎಲ್ಲಾ ಮುಗಿದಿರ್ತಿತ್ತು."

ಈರ ಕಿರಿದ ಹಲ್ಲು ಮುಚ್ಚಿದ. ಅವನಿಗೆ ಇದು ಗೊತ್ತೇ ಇರಲಿಲ್ಲ.

ಮಗಳ ಹತ್ತಿರ ಹೋದ. ಕಿವಿಯ ಮೇಲಿನ ಹಳೆಯ ಗಾಯ ನೆಕ್ಕಿದ. "ನೋವಾಗಿತ್ತಾ ಮಗಳೇ?"

ದುಗ್ಗಿ ಆಗ ಅತ್ತಳು. "ಎಲ್ಲದಕ್ಕೂ ನೀನು ದೊಡ್ಡವಳು ಅಂತೀಯ. ಅಮ್ಮ ಹೋಗಿದ್ದು ನನಗೂ ಅಲ್ವಾ ಅಪ್ಪಾ?"

"ಹೌದು ಮಗಳೇ. ನಾನು ಕೇಳಬೇಕಿತ್ತು." ಮತ್ತೆ ಅವಳ ಕಿವಿ ನೆಕ್ಕಿ ಹೇಳಿದ, "ತಮ್ಮನ ಬಾಲ ನೋಡು. ಅವನಿಗೂ ನೋವಾಗಿದೆ. ಅದನ್ನ ನೀನು ಸರಿಮಾಡಬೇಕು."

ಅಷ್ಟರಲ್ಲಿ ಜೊಂಡು ಅಲುಗಿತು. ನರಿ! ಬಂಡೆಯ ಮೇಲಿನ ಮರಿಯನ್ನು ಅದು ನೋಡಿಬಿಟ್ಟಿತ್ತು.

"ದುಗ್ಗೀ, ಅವನನ್ನು ನೀರಿಗಿಳಿಸು!" ಈರ ದಡ ಹತ್ತಿ ನರಿಗೆ ಅಡ್ಡ ನಿಂತ. ಹಲ್ಲು ಕಿರಿದು ಗುರುಗುಟ್ಟಿದ. ಈ ಸಲ ಹಲ್ಲು ಸರಿಯಾದ ಕಡೆಗೆ ತಿರುಗಿತ್ತು.

ದುಗ್ಗಿ ಬಂಡೆಯ ಬುಡಕ್ಕೆ ಬಂದಳು. "ಚಿಕ್ಕಾ, ಬಾರೋ. ಕಚ್ಚಲ್ಲ."

"ಮುಂಚೆಯೂ ಹಾಗೇ ಅಂದಿದ್ದೆ."

ನಿಜವೇ ಅದು. ದುಗ್ಗಿ ತಮ್ಮನಿಗೆ ಬೆನ್ನು ಹಾಕಿ ನಿಂತಳು. "ನನ್ನ ಬಾಲ ಬಾಯಲ್ಲಿ ಹಿಡ್ಕೋ. ನಾನು ಮುಂದೆ ಈಜ್ತೀನಿ. ನನ್ನ ಹಲ್ಲು ಆ ಕಡೆ ಇರುತ್ತೆ."

ಚಿಕ್ಕ ನರಿಯನ್ನು ನೋಡಿದ. ಅಕ್ಕನ ಬಾಲವನ್ನು ನೋಡಿದ. ಗಬಕ್ಕನೆ ಬಾಲ ಕಚ್ಚಿ ನೀರಿಗೆ ಬಿದ್ದ. ಈರನೂ ಹಿಂದೆಯೇ ಹಾರಿದ. ನರಿ ಬರಿಗೈಯಲ್ಲಿ ಮೂತಿ ಸೊಟ್ಟ ಮಾಡಿಕೊಂಡು ಹೋಯಿತು.

ಕಾಲುವೆ ಉದ್ದವಿತ್ತು. ದುಗ್ಗಿ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಮೇಲಿನ ಮಡು ಸೇರಿದ ಮೇಲೆ ಬಾಲ ನೋಡಿಕೊಂಡಳು. ರಕ್ತ ಬಂದಿತ್ತು.

"ಎಷ್ಟು ಗಟ್ಟಿ ಕಚ್ಚಿದೀಯೋ ಕೋತಿ!"

"ಹೆದರಿಕೆ ಆಯ್ತಕ್ಕ. ಎಲ್ಲಿ ನೀನು ಬಿಟ್ಟು ಹೋಗ್ತೀಯೋ ಅಂತ."

ದುಗ್ಗಿ ಅವನನ್ನೇ ನೋಡಿದಳು. "ನನಗೂ ಹಾಗೇ ಆಗ್ತಿತ್ತು ಕಣೋ" ಎಂದಳು.

ನೀತಿ: ಕಚ್ಚುವ ಮಗುವಿಗೂ ಎಲ್ಲೋ ನೋಯುತ್ತಿರುತ್ತದೆ. ಹೊಡೆದು ಬಾಯಿ ಮುಚ್ಚಿಸಿದರೆ ಜಗಳ ಮರೆಯಾಗುತ್ತದೆ, ನಡುವೆ ಕೂತು ಇಬ್ಬರನ್ನೂ ಕೇಳಿದರೆ ಮುಗಿಯುತ್ತದೆ.