ಕೆಲಸ ಐತೇನ್ರಿ?

ಒಂದು ಸಣ್ಣ ನಾಡಿನ ದೊರೆ ಗದ್ದುಗೆ ಬಿಟ್ಟಿಳಿದ. ಜನರು ತಮ್ಮಲ್ಲೇ ಕೆಲವರನ್ನು ಆರಿಸಿ ಸಭೆ ಮಾಡಿಕೊಂಡರು. ಸಭೆ ಆ ನಾಡಿನ ಸಂವಿಧಾನ ಬರೆಯಲು ಕೂತಿತು.

ಕರಡು ಬರೆಯುವ ಹೊಣೆ ವಾಮದೇವನಿಗೆ ಬಂತು. ಅವನು ನದಿದಡದ ಆಶ್ರಮದಲ್ಲಿ ಚರಂತಯ್ಯ ಗುರುಗಳ ಬಳಿ ಹನ್ನೆರಡು ವರ್ಷ ಕಲಿತವನು. ಬರೆದು ಮುಗಿಸಿದ ಮೇಲೆ ಕರಡನ್ನು ಎದೆಗವಚಿಕೊಂಡು ಗುರುಗಳ ಹತ್ತಿರ ಬಂದ.

ಚರಂತಯ್ಯನವರು ಬೇವಿನ ಕಟ್ಟೆಯ ಮೇಲೆ ಕೂತು ಒಂದಕ್ಷರ ಬಿಡದೆ ಓದಿದರು. ಓದಿ ಮುಗಿಸುವಾಗ ಮಧ್ಯಾಹ್ನವಾಗಿತ್ತು.

“ಚೆನ್ನಾಗಿದೆ. ಮಾತಾಡುವ ಹಕ್ಕು ಇದೆ. ಪೂಜಿಸುವ ಹಕ್ಕು ಇದೆ, ಪೂಜಿಸದೆ ಇರುವ ಹಕ್ಕೂ ಇದೆ. ದುಡಿಯುವ ಹಕ್ಕು ಎಲ್ಲಿ?”

“ಕೊನೆಯಲ್ಲಿದೆ ಗುರುಗಳೇ, ಆಶಯಗಳ ಭಾಗದಲ್ಲಿ. ‘ಅನುಕೂಲವಾದಾಗ ಸರ್ಕಾರವು ಪ್ರಜೆಗಳಿಗೆ ಕೆಲಸ ಒದಗಿಸಲು ಪ್ರಯತ್ನಿಸತಕ್ಕದ್ದು.’”

“ಹಕ್ಕುಗಳ ಸಾಲಿನಲ್ಲಿ ಏಕಿಲ್ಲ?”

“ಹಕ್ಕು ಎಂದು ಬರೆದರೆ ಯಾರು ಬೇಕಾದರೂ ಬಾಗಿಲಿಗೆ ಬಂದು ಕೇಳುತ್ತಾರೆ. ಅಷ್ಟು ಕೆಲಸ ಎಲ್ಲಿಂದ ತರುವುದು? ಹಸಿದವರಿಗೆ ಅನ್ನ ಕೊಡುತ್ತೇವೆ ಎಂದು ಬರೆದಿದ್ದೇನೆ. ಅಷ್ಟು ಸಾಲದೇ?”

ಗುರುಗಳು ಕರಡನ್ನು ಮಡಚಿ ಅವನ ಕೈಗಿತ್ತರು.

“ಸಭೆ ಸೇರುವುದು ಯಾವಾಗ?”

“ಇನ್ನೂ ಹದಿನೈದು ದಿನವಿದೆ.”

“ಹಾಗಾದರೆ ಅಲ್ಲಿಯವರೆಗೆ ಇಲ್ಲೇ ಇರು. ದಾಸೋಹ ನೋಡಿಕೋ. ಬಂದವರಿಗೆ ಊಟ ಬಡಿಸು.”

ಮರುದಿನ ಪಂಕ್ತಿ ಕೂರುವ ಹೊತ್ತಿಗೆ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಳು. ನಡುವಯಸ್ಸು. ತಲೆಯ ಮೇಲೆ ಬಟ್ಟೆಯ ಸಿಂಬೆ, ಅದರ ಮೇಲೆ ಖಾಲಿ ಬುಟ್ಟಿ. ಹೆಸರು ಹುಲಿಗೆವ್ವ. ಪಕ್ಕದ ಸೀಮೆಯಲ್ಲಿ ಕಾಲುವೆ ಅಗೆಯುವ ಕೆಲಸ ನಿಂತು ಒಂದು ತಿಂಗಳಾಗಿತ್ತು. ಅಲ್ಲಿ ಮಣ್ಣು ಹೊರುತ್ತಿದ್ದವರಲ್ಲಿ ಅವಳೂ ಒಬ್ಬಳು.

“ಕೆಲಸ ಐತೇನ್ರಿ?”

“ಕೆಲಸ ಇಲ್ಲವ್ವ. ಊಟ ಇದೆ. ಬಾ, ಕೂತುಕೋ,” ಎಂದ ವಾಮದೇವ.

ಅವಳು ಸಾಲಾಗಿ ಹಾಸಿದ್ದ ಎಲೆಗಳನ್ನು ನೋಡಿದಳು.

“ಆಗ್ಲಿ ಬಿಡ್ರಿ,” ಎಂದು ಹೊರಟುಹೋದಳು.

ಎರಡನೆಯ ದಿನವೂ ಬಂದಳು, ಅದನ್ನೇ ಕೇಳಿದಳು, ಹಾಗೇ ಹೋದಳು. ವಾಮದೇವ ನಾಲ್ಕು ರೊಟ್ಟಿ ಕಟ್ಟಿಕೊಂಡು ಹಿಂದೆ ಓಡಿ ಅವಳ ಬುಟ್ಟಿಯಲ್ಲಿ ಹಾಕಿ ಬಂದ. ದಾರಿಯ ತಿರುವಿನಲ್ಲಿ ಒಬ್ಬ ಕುರುಡ ಮುದುಕ ಕೂತಿದ್ದ. ಅವಳು ರೊಟ್ಟಿಯನ್ನು ಅವನ ಮಡಿಲಿಗಿಟ್ಟು ಮುಂದೆ ನಡೆದಳು.

ಮೂರನೆಯ ದಿನ ವಾಮದೇವನಿಗೆ ಸಿಟ್ಟು ಬಂತು.

“ಹಸಿವಿಲ್ಲವೇ ನಿನಗೆ?”

“ಐತ್ರಿ.”

“ಮತ್ತೇಕೆ ಈ ಸೊಕ್ಕು? ಇಲ್ಲಿ ಉಂಡರೆ ಯಾರೂ ಏನೂ ಅನ್ನುವುದಿಲ್ಲ.”

“ಅನ್ನೂದಿಲ್ಲ, ಗೊತ್ತೈತ್ರಿ. ಮುದುಕರು ಉಣ್ತಾರ, ಕೂಸುಗಳು ಉಣ್ತಾವ, ಜಡ್ಡಾದವ್ರು ಉಣ್ತಾರ. ಅವ್ರು ಉಣ್ಲಿ. ನಂಗೇನಾಗೇತ್ರಿ?” ಎರಡೂ ಅಂಗೈ ಚಾಚಿ ತೋರಿಸಿದಳು. “ಈ ಕೈ ಇಟ್ಕೊಂಡು ನಾ ಹೆಂಗ ಕೂಡ್ಲಿ?”

ವಾಮದೇವ ಆ ಕೈಗಳನ್ನು ನೋಡಿದ. ಚರ್ಮ ಗಟ್ಟಿಯಾಗಿ ಅಂಗೈಯ ಗೆರೆಗಳೇ ಮುಚ್ಚಿಹೋಗಿದ್ದವು.

ಅವನು ಗುರುಗಳ ಬಳಿಗೆ ಹೋಗಿ, “ಏನು ಮಾಡಲಿ? ಆಶ್ರಮದಲ್ಲಿ ಅವಳಿಗೆ ಕೊಡುವಂಥ ಕೆಲಸವೇ ಇಲ್ಲ,” ಎಂದ.

ಚರಂತಯ್ಯನವರು ಎದ್ದರು. ತಾವೇ ಬಾಗಿಲಿಗೆ ಬಂದರು.

“ಯವ್ವಾ, ದನದ ಕೊಟ್ಟಿಗಿ ಹಿಂದ ಒಂದು ಹಳೇ ಬಾವಿ ಐತಿ. ಹೂಳು ತುಂಬಿ ಮೂವತ್ತು ವರ್ಷ ಆತು. ತೆಗೀತಿಯೇನು?”

ಹುಲಿಗೆವ್ವ ಹೋಗಿ ಬಾವಿಯೊಳಗೆ ಬಗ್ಗಿ ನೋಡಿದಳು.

“ಒಬ್ಬಾಕಿಗೆ ಆಗೂದಲ್ರಿ ಅಜ್ಜಾರ. ಹತ್ತು ಮಂದಿ ಬೇಕು.”

“ಕರ್ಕೊಂಡು ಬಾ.”

ಮೂರು ದಿನದಿಂದ ಉಣ್ಣದವಳು ಬುಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಓಡಿದಳು.

“ಗುರುಗಳೇ, ನದಿ ಪಕ್ಕದಲ್ಲೇ ಇದೆ. ಬಾವಿ ನಮಗೇಕೆ?” ಎಂದ ವಾಮದೇವ.

“ಬೇಸಿಗೆಯಲ್ಲಿ ನದಿ ಹಿಂದೆ ಸರಿದಾಗ ಗುಡ್ಡದ ಕೇರಿಯವರು ನೀರಿಗೆ ಎಷ್ಟು ದೂರ ನಡೆಯುತ್ತಾರೆ? ಕೇಳಿದ್ದೀಯಾ?”

ವಾಮದೇವ ಕೇಳಿರಲಿಲ್ಲ.

“ನೀನೂ ಇಳಿ,” ಎಂದರು ಗುರುಗಳು.

ಹುಲಿಗೆವ್ವ ಕರೆತಂದವರ ಜೊತೆ ಅವನೂ ಇಳಿದ. ಮೊದಲ ದಿನವೇ ಕುತ್ತಿಗೆ ಹಿಡಿದುಕೊಂಡಿತು. ಹುಲಿಗೆವ್ವ ಸಿಂಬೆ ಸುತ್ತುವುದನ್ನು ಹೇಳಿಕೊಟ್ಟಳು. “ಕುತ್ತಿಗಿ ಬಿಗಿ ಹಿಡೀಬ್ಯಾಡ್ರಿ. ಭಾರ ಸೊಂಟಕ್ಕ ಇಳೀಲಿ,” ಎಂದಳು.

ಬಾವಿಯ ತಳದಲ್ಲಿ ಅವಳ ಮಾತೇ ಕಡೆ ಮಾತು. ಗೋಡೆಗೆ ಅಂಗೈ ಒತ್ತಿ, “ಈ ಮಗ್ಗಲು ಮೆತ್ತಗೈತಿ, ಇಲ್ಲಿ ಗುದ್ದಲಿ ಹಾಕಬ್ಯಾಡ್ರಿ,” ಎನ್ನುವಳು. ಎಲ್ಲರೂ ಸರಿಯುವರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮಣ್ಣು ತಾನಾಗಿ ಕುಸಿಯುವುದು. ಒಂದು ಹಿಡಿ ಮಣ್ಣೆತ್ತಿ ಮೂಸಿ, “ಎರಡು ಮೊಳದಾಗ ನೀರೈತಿ,” ಎಂದಳು ಒಮ್ಮೆ.

ವಾಮದೇವ ಬಾಯಿ ತೆರೆದು ನೋಡುತ್ತಿದ್ದ. ಹನ್ನೆರಡು ವರ್ಷ ಓದಿದ ಯಾವ ಹೊತ್ತಗೆಯಲ್ಲೂ ಇದು ಇರಲಿಲ್ಲ. ಇಷ್ಟು ಬಲ್ಲವಳನ್ನು ತಾನು ಮೂರು ದಿನ ಎಲೆಯ ಮುಂದೆ ಕೂರಿಸಲು ನೋಡಿದ್ದೆ ಎಂದು ನೆನೆದು ನಾಚಿದ.

ಆರನೆಯ ದಿನ ಹುಲಿಗೆವ್ವ ಇದ್ದಕ್ಕಿದ್ದಂತೆ ಕೈ ಎತ್ತಿದಳು. ಗುದ್ದಲಿಗಳು ನಿಂತವು.

ಕಲ್ಲಿನ ಸಂದಿಯಿಂದ ದಾರದಷ್ಟು ಸಣ್ಣಗೆ ನೀರು ಬರುತ್ತಿತ್ತು.

ಮೇಲೆ ಹಗ್ಗ ಹಿಡಿದವರೂ ಬಗ್ಗಿ ನೋಡಿದರು. ದಾರ ದಪ್ಪವಾಯಿತು, ಕೆಸರಿನಲ್ಲಿ ಸಣ್ಣ ಸುಳಿ ಎದ್ದಿತು, ಪಾದ ಮುಳುಗಿತು. ‘ನೀರು ಎಲ್ಲರಿಗೂ ಸೇರಿದ್ದು’ ಎಂದು ವಾಮದೇವನೇ ಸಂವಿಧಾನದಲ್ಲಿ ಬರೆದಿದ್ದ. ನೀರು ಹುಟ್ಟುವುದನ್ನು ಅವನು ನೋಡಿದ್ದು ಅದೇ ಮೊದಲು.

ಹುಲಿಗೆವ್ವ ಬೊಗಸೆಯಲ್ಲಿ ಒಂದಿಷ್ಟು ಎತ್ತಿ ಅವನ ತಲೆಯ ಮೇಲೆ ಸುರಿದು ನಕ್ಕಳು.

ಕೆಲಸಕ್ಕಿಳಿದ ದಿನದಿಂದ ಪಂಕ್ತಿಯ ಅಂಚಿನಲ್ಲಿ ಕೂತು ಉಣ್ಣುತ್ತಿದ್ದವಳು ಅಂದು ಮಧ್ಯದಲ್ಲಿ ಕೂತಳು. ಒಂದು ತುತ್ತು ಬಾಯಿಗಿಟ್ಟು ತಲೆ ಎತ್ತಿದಳು.

“ಏನ್ರಿ ಇದು ಸಾರು? ಉಪ್ಪೇ ಇಲ್ಲ! ಇನ್ನೊಂದು ರೊಟ್ಟಿ ಹಾಕ್ರಿ. ತಂಗಳು ಬ್ಯಾಡ, ಬಿಸೀದು.”

ಬಾಗಿಲ ಹೊರಗೆ ನಿಂತು ‘ಆಗ್ಲಿ ಬಿಡ್ರಿ’ ಎಂದು ಹೋಗುತ್ತಿದ್ದವಳು ಇವಳೇ. ವಾಮದೇವ ಬಿಸಿ ರೊಟ್ಟಿ ತಂದು ಬಡಿಸಿದ.

“ಹುಲಿಗೆವ್ವ, ಬಾವಿ ಮುಗಿಯಿತು. ಇನ್ನು ನಿಮಗೆಲ್ಲ ಕೆಲಸ ಎಲ್ಲಿದೆ?”

ಅವಳು ಅಗಿಯುತ್ತಲೇ ನಕ್ಕಳು.

“ನನ್ನ ಕೇಳ್ತೀರೇನ್ರಿ? ಕೆರಿ ಏರಿ ಬಿರುಕು ಬಿಟ್ಟೈತಿ. ಹಳ್ಳದ ದಾರಿ ಕೊಚ್ಚಿ ಹೋಗೇತಿ, ಬಸುರಿ ಹೆಂಗಸ್ರನ್ನ ಹೊತ್ಕೊಂಡು ದಾಟಸ್ತಾರ. ಹುಡುಗ್ರು ಕಲಿಯೂ ಸಾಲಿಗುಡಿಗೆ ಒಂದು ಮಗ್ಗಲು ಗ್ವಾಡೀನ ಇಲ್ಲ. ಕೆಲಸ ಊರ ತುಂಬ ಬಿದ್ದೈತ್ರಿ. ಮಾಡು ಅನ್ನೋರಿಲ್ಲ.”

ವಾಮದೇವ ಅವಳ ಎಲೆಗೆ ಉಪ್ಪು ತಂದು ಬಡಿಸಿದ.

ಸಂಜೆ ಅವನು ಕರಡು ತೆರೆದ. ಕೊನೆಯ ಭಾಗದಲ್ಲಿದ್ದ ಆ ಸಾಲನ್ನು ಹೊಡೆದುಹಾಕಿದ. ಹಕ್ಕುಗಳ ಸಾಲಿನಲ್ಲಿ ಬರೆದ: ‘ಪ್ರತಿಯೊಬ್ಬರಿಗೂ ಸರ್ಕಾರವು ಕೆಲಸದ ಹಕ್ಕನ್ನು ಕೊಡುತ್ತದೆ.’

ಬರೆದದ್ದನ್ನು ಮತ್ತೆ ಓದಿದ. ‘ಕೊಡುತ್ತದೆ’ ಎಂಬುದು ಹಿಡಿಸಲಿಲ್ಲ. ಆ ಕೈಗಳಿಗೆ ತಾನು ಕೊಡುವುದೇನಿದೆ? ಅದನ್ನೂ ಹೊಡೆದು ಮತ್ತೆ ಬರೆದ: ‘ದುಡಿಯಬಲ್ಲ, ದುಡಿಯಬಯಸುವ ಪ್ರತಿಯೊಬ್ಬರಿಗೂ ಕೆಲಸದ ಹಕ್ಕು ಇದೆ. ಈ ನಾಡು ಅದನ್ನು ಒಪ್ಪಿ ನಡೆಯುತ್ತದೆ.’

ಬೆಳಿಗ್ಗೆ ಹುಲಿಗೆವ್ವ ಮತ್ತು ಅವಳ ಜೊತೆಯವರು ಕೂಲಿಯ ಜೋಳ ಕಟ್ಟಿಕೊಂಡು ಹೊರಟರು. ಹೋಗುವಾಗ ಅವಳು ಗುರುಗಳ ಪಾದ ಮುಟ್ಟಲು ಬಗ್ಗಿದಳು.

ಚರಂತಯ್ಯನವರು ಹಿಂದೆ ಸರಿದರು.

“ಯಾಕ್ರಿ ಅಜ್ಜಾರ? ಮುಟ್ಟಬಾರದೇನ್ರಿ?” ಅವಳ ಮುಖ ಸಣ್ಣದಾಯಿತು.

“ನೀ ದುಡಿದಿ, ಕೂಲಿ ತಗೊಂಡಿ. ಅದಕ್ಕ ನನ್ನ ಕಾಲು ಯಾಕ ಬೇಕು ಯವ್ವಾ?” ಎಂದು ಅವರೇ ಅವಳಿಗೆ ಕೈ ಮುಗಿದರು.

ಹುಲಿಗೆವ್ವ ಒಂದು ಕ್ಷಣ ಬೆರಗಾಗಿ ನಿಂತಳು. ಆಮೇಲೆ ತಾನೂ ಕೈ ಮುಗಿದಳು. ಬುಟ್ಟಿ ಎತ್ತಿಕೊಂಡು ನಡೆದಳು.

ಅವಳು ಮರೆಯಾಗುವವರೆಗೆ ವಾಮದೇವ ನೋಡುತ್ತಿದ್ದ. ಆಮೇಲೆ ಹೊಸದಾಗಿ ಬರೆದದ್ದನ್ನು ಗುರುಗಳಿಗೆ ಓದಿ ಹೇಳಿದ.

ಗುರುಗಳು ತಲೆದೂಗಿದರು.

“ಆದರೆ ಸಭೆಯಲ್ಲಿ ಕೆಲವರು ನಗುತ್ತಾರೆ ಗುರುಗಳೇ. ‘ನಿಮ್ಮ ಗುರುಗಳು ಕರುಣೆಯಿಂದ ಕೆಲಸ ಕೊಟ್ಟರು, ಅವಳು ಬದುಕಿಕೊಂಡಳು. ನಾಡಿನಲ್ಲಿ ಅಂಥ ಕರುಣೆ ಇದ್ದರೆ ಸಾಕು, ಹಕ್ಕು ಏಕೆ?’ ಎನ್ನುತ್ತಾರೆ. ಏನು ಹೇಳಲಿ?”

ಚರಂತಯ್ಯನವರು ಹುಲಿಗೆವ್ವ ಹೋದ ದಾರಿಯತ್ತ ತಿರುಗಿದರು.

“ನಾಳೆ ಅವಳು ಯಾವ ಬಾಗಿಲಿಗೆ ಹೋಗಿ ನಿಂತರೂ, ‘ಒಳಗೊಬ್ಬ ಕರುಣೆಯುಳ್ಳವನು ಇರಲಪ್ಪಾ’ ಎಂದು ದೇವರನ್ನು ಬೇಡಿಕೊಳ್ಳುವಂತಾಗಬಾರದು.”